ನಿನ್ನ ಶ್ರುತಿ ಎಷ್ಟು?

ಮೈಸೂರು
ಭಾನುವಾರ ಮಧ್ಯಾಹ್ನ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಬಂತು. ಮಗುವಿನ ಶಾಲೆ, ನಿಮ್ಮಮ್ಮನ ಮಂಡಿನೋವು, ಸೈಟಿನ ವಿಷಯ ಎಲ್ಲ ಓದಿದೆ. ಅವೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ, ಫೋನಿನಲ್ಲಿ ಮಾತಾಡಿಕೊಳ್ಳೋಣ. ನಾನು ಈಗ ಬರೆಯಲು ಕೂತಿರುವುದು ಮೂರನೇ ಹಾಳೆಯ ಕೊನೆಯಲ್ಲಿ, ಜಾಗ ಸಾಲದೆ ಅಂಚಿಗೆ ತಿರುಗಿಸಿ ಸಣ್ಣಕ್ಷರದಲ್ಲಿ ಬರೆದ ಒಂದು ಸಾಲಿಗಾಗಿ. ನವೆಂಬರ್ ಕಾರ್ಯಕ್ರಮಕ್ಕೆ 32 ಜನ ಹಾಡುತ್ತಾರೆ ಅಂತ ಬರೆದು, ಸೀರೆ ಬಣ್ಣದ ಜಗಳ ಬರೆದು, ನಡುವೆ ಸುಮ್ನೆ ಹೇಳಿದ ಹಾಗೆ ಹೇಳಿದ್ದೀಯ: "ಮೊನ್ನೆ ಒಬ್ಬಳೇ ಕೂತು ಹಾಡೋಣ ಅಂತ ಶ್ರುತಿ ಹಾಕಲು ಹೋದೆ. ನನ್ನ ಶ್ರುತಿ ಎಷ್ಟು ಅನ್ನೋದೇ ಮರೆತುಹೋಗಿತ್ತು ದೊಡ್ಡಮ್ಮ." ಮುಂದಿನ ಸಾಲಿನಲ್ಲಿ ಮತ್ತೆ ಸೀರೆ.

ಹಾಡುವವಳಿಗೆ ತನ್ನ ಧ್ವನಿಗೆ ಹೊಂದುವ ಆಧಾರ ಸ್ವರವೇ ಮರೆತುಹೋಗುವುದು ಅಂದರೆ! ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ವಂಶ ನಮ್ಮದು, ಇದೂ ಅಂಥದ್ದೇ ಅಂದುಕೊಂಡೆ. ಸಾಯಂಕಾಲ ಹೂ ಕಟ್ಟುತ್ತಾ ಕೂತಾಗ ಆ ಸಾಲು ಮತ್ತೆ ನೆನಪಿಗೆ ಬಂತು. ರಾತ್ರಿ ಮಲಗಿದ ಮೇಲೆ ಮತ್ತೆ ಬಂತು. ಎದ್ದು ದೀಪ ಹಾಕಿ ಕಾಗದ ತೆಗೆದು ನೋಡಿದೆ. ಮರೆತುಹೋಗಿತ್ತು ಅಂತ ಬರೆದಿದ್ದೀಯ. ಆಮೇಲೆ ನೆನಪಾಯಿತೋ ಇಲ್ಲವೋ ಬರೆದಿಲ್ಲ. ಹಾಡಿದೆಯೋ ಇಲ್ಲವೋ ಅದನ್ನೂ ಬರೆದಿಲ್ಲ.

ನಿನಗೆ 14 ವರ್ಷ ಆಗ. ಬೇಸಿಗೆ ರಜೆಗೆ ಇಲ್ಲಿಗೆ ಬಂದಿದ್ದೆ. ನಡುಮನೆಯ ಕೆಂಪು ನೆಲದ ಮೇಲೆ ಕೂರಿಸಿಕೊಂಡು, ಹಾರ್ಮೋನಿಯಂನಲ್ಲಿ ಬಿಳಿ ಮನೆಗೆ ಒಂದು, ಎರಡು, ನಡುವಿನ ಕಪ್ಪು ಮನೆಗೆ ಒಂದೂವರೆ, ಎರಡೂವರೆ ಅಂತ ಶ್ರುತಿಯ ಲೆಕ್ಕ ಹೇಳಿಕೊಟ್ಟು, ನಾಲ್ಕೂವರೆಯಿಂದ ಆರರವರೆಗೆ ಒಂದೊಂದೇ ಮನೆ ಏರಿಸಿ ನೋಡಿದೆ. ಆರಕ್ಕೆ ಇಟ್ಟಾಗ ಮೇಲಿನ ತಾರ ಪಂಚಮದಲ್ಲಿ ನಿನ್ನ ಕತ್ತಿನ ನರ ಉಬ್ಬಿತು. ಐದಕ್ಕೆ ಇಟ್ಟಾಗ ಕೆಳಗಿನ ಮಂದ್ರ ಪಂಚಮ ಬರೀ ಗಾಳಿಯಾಯಿತು. ಐದೂವರೆಯಲ್ಲಿ ಎರಡೂ ನಿಂತವು. ನೀನು ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಹೆಸರು, ತರಗತಿ, ಅದರ ಕೆಳಗೆ "ಶ್ರುತಿ: ಐದೂವರೆ". ಶಾಲೆ ಹೆಸರು ಬರೆಯುವ ಜಾಗದಲ್ಲಿ ಬರೆದಿದ್ದೆ. ನಿಮ್ಮ ದೊಡ್ಡಪ್ಪ ಅದನ್ನು ನೋಡಿ ಎಷ್ಟು ನಕ್ಕರು!

ಹೇಗೆ ಮರೆತೆ ಅಂತ ಕೇಳಲ್ಲ. ನಿನ್ನ ದಿನಚರಿ ನನಗೆ ಗೊತ್ತು. ಬೆಳಗಿನ ಜಾವ ಐದೂವರೆಗೆ ಅಮೆರಿಕದ ಮಕ್ಕಳಿಗೆ ಕಂಪ್ಯೂಟರ್ ಮುಂದೆ ಪಾಠ. ನೋಡು, ಐದೂವರೆ ಅಂದರೆ ಈಗ ನಿನಗೆ ಅಲಾರಂ. ಅದರಲ್ಲಿ ಧ್ವನಿ ಒಂದು ಕ್ಷಣ ತಡವಾಗಿ ತಲುಪುತ್ತೆ, ಕೂಡಿ ಹಾಡುವುದಕ್ಕೆ ಆಗಲ್ಲ, ಅದಕ್ಕೇ ಅವರ ಮೈಕ್ ಬಂದ್ ಮಾಡಿಸಿ ಒಬ್ಬಳೇ ಹಾಡುತ್ತೀನಿ ಅಂತ ನೀನೇ ಹೇಳಿದ್ದೆ. ಆಮೇಲೆ ಶಾಲೆ. ಸಾಯಂಕಾಲ ಮನೆಪಾಠ. ಶನಿವಾರ ನಿಮ್ಮ ಬಡಾವಣೆಯ ವೃಂದಗಾನ. ಒಂದೊಂದು ಕಡೆ ಒಂದೊಂದು ಶ್ರುತಿ.

ವೃಂದದ ಕಷ್ಟ ನನಗೆ ಹೊಸದಲ್ಲ. ಗಂಡಸರಿಗೆ ಒಂದು, ಒಂದೂವರೆ ಹಿತ. ಹೆಂಗಸರಿಗೆ ಐದು, ಐದೂವರೆ. ಇಬ್ಬರನ್ನೂ ಒಂದೇ ಹಾಡಿಗೆ ಕೂರಿಸಿದರೆ ಯಾರಾದರೂ ಒಬ್ಬರು ನೆಲಮಾಳಿಗೆಗೆ ಇಳಿಯಬೇಕು, ಇಲ್ಲಾ ಅಟ್ಟ ಹತ್ತಬೇಕು. ನಮ್ಮ ಮಂಡಳಿಗೆ ಬರುತ್ತಿದ್ದ ರಿಟೈರ್ಡ್ ಇಂಜಿನಿಯರ್ ಒಬ್ಬರು, "ರಾಜಿ ಮಾಡ್ಕೊಳ್ಳೋಣ ಮೇಡಂ, ಮೂರೂವರೆಗೆ ಇಡಿ" ಅಂದಿದ್ದರು. ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಮನೆಯೇ ಇಲ್ಲ ಸಾರ್ ಅಂತ ಹಾರ್ಮೋನಿಯಂ ತೋರಿಸಿದೆ. ಅವರು ಬಗ್ಗಿ, ಬೆರಳಿಟ್ಟು ಎಣಿಸಿ ನೋಡಿ, "ಇದು ಡಿಸೈನ್ ತಪ್ಪು" ಅಂದರು. ಪಾಪ, ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಹಾರ್ಮೋನಿಯಂ ನೋಡಿದರೆ ಅವರ ಬೆರಳು ಕಾಣಿಸುತ್ತೆ.

ಎಲ್ಲರನ್ನೂ ಸೇರಿಸಬೇಕು ಅಂದರೆ ಹಾಡಿಸುವವಳೇ ಜಾಗ ಬಿಡಬೇಕು. ಇವತ್ತು ನಾಲ್ಕು, ನಾಳೆ ಎರಡೂವರೆ. ಫೋನಿನಲ್ಲಿ ಬೆರಳು ಒತ್ತಿದರೆ ತಂಬೂರಿ ಬದಲಾಗುತ್ತೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತ ಶುರು ಮಾಡಿದರೆ ಮುದುಕಿ ಪುರಾಣ ಅನ್ನಿಸುತ್ತೆ, ಆದರೂ ಕೇಳು. ಆಗ ಹೆಂಗಸರ ತಂಬೂರಿ ಬೇರೆ, ಗಂಡಸರದ್ದು ಬೇರೆ. ಅಳತೆ ಬೇರೆ, ತಂತಿಯ ದಪ್ಪ ಬೇರೆ. ನನ್ನ ತಂಬೂರಿಯನ್ನು ಒಂದೂವರೆಗೆ ಇಳಿಸಿದರೆ ತಂತಿ ಸಡಿಲವಾಗಿ ಬಡಿದುಕೊಳ್ಳುತ್ತಿತ್ತು. ಜಾಸ್ತಿ ಏರಿಸಿದರೆ ಪಟ್ ಅಂತ ಹೋಗುತ್ತಿತ್ತು. ಬೇರೆಯವರಿಗಾಗಿ ಅದನ್ನು ಬಗ್ಗಿಸುವುದಕ್ಕೆ ಆಗುತ್ತಲೇ ಇರಲಿಲ್ಲ. ಗವಸು ಹಾಕಿಕೊಂಡು ಮೂಲೆಯಲ್ಲಿ ನಿಂತಿರುತ್ತಿತ್ತಲ್ಲ, ನನ್ನ ಶ್ರುತಿಯನ್ನು ನನ್ನ ಪರವಾಗಿ ಅದೇ ನೆನಪಿಟ್ಟುಕೊಂಡಿರುತ್ತಿತ್ತು.

ಬೆಂಗಳೂರಿನ ಜಿ. ರಾಜನಾರಾಯಣ್ ಅವರ ರೇಡೆಲ್ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂದಾಗ ನಾವೆಲ್ಲ ಕುಣಿದಾಡಿದ್ದೆವು. ಸಿಟಿ ಬಸ್ಸಿನಲ್ಲಿ ತಂಬೂರಿಯನ್ನು ಮಗುವಿನ ಹಾಗೆ ಅಪ್ಪಿಕೊಂಡು ನಿಂತವಳಿಗೇ ಗೊತ್ತು ಆ ಪೆಟ್ಟಿಗೆಯ ಸುಖ. ಗುಂಡಿ ತಿರುಗಿಸು, ಯಾರಿಗೆ ಬೇಕೋ ಅವರ ಶ್ರುತಿ. ನಾನು ತಿರುಗಿಸಿದೆ, ತಿರುಗಿಸಿದೆ. ತಂಬೂರಿ ಮೂಲೆಯಲ್ಲೇ ಉಳಿಯಿತು.

ಈಗ ಒಂದು ಸಂಗತಿ ಹೇಳುತ್ತೇನೆ. ಇದನ್ನು ನಿಮ್ಮ ದೊಡ್ಡಪ್ಪನಿಗೂ ಪೂರ್ತಿ ಹೇಳಿರಲಿಲ್ಲ.

1986ನೇ ಇಸವಿ. ನಾನು ಸಂಗೀತದ ಟೀಚರಾಗಿ ಶಾಲೆಗೆ ಸೇರಿ ಎಂಟು ವರ್ಷ ಆಗಿತ್ತು. ರಾಮೋತ್ಸವದ ಪೆಂಡಾಲಿನಲ್ಲಿ 45 ನಿಮಿಷದ ಕಚೇರಿಗೆ ಕರೆದರು. ದೊಡ್ಡ ವಿದ್ವಾಂಸರ ಕಚೇರಿಗೆ ಮುಂಚೆ, ಜನ ಇನ್ನೂ ಕೋಸಂಬರಿ ತಿನ್ನುತ್ತಿರುವ ಹೊತ್ತು. ಆದರೂ ಕಚೇರಿ ಕಚೇರಿಯೇ ಅಲ್ವಾ? ಮೃದಂಗದವರು ಹಿಂದಿನ ದಿನವೇ ಕೇಳಿಕಳಿಸಿದ್ದರು, ಅಮ್ಮನ ಶ್ರುತಿ ಎಷ್ಟು ಅಂತ. ಹೆಂಗಸರ ಶ್ರುತಿಗೆ ಬೇರೆ ಮೃದಂಗ ತರಬೇಕಲ್ಲ. ಐದೂವರೆ ಅಂತ ಥಟ್ಟನೆ ಹೇಳಿ ಕಳಿಸಿದೆ. ನಾಲಿಗೆಗೆ ನೆನಪಿತ್ತು. ಗಂಟಲು ಮಾತ್ರ ಎಂಟು ವರ್ಷದಿಂದ ಮಕ್ಕಳ ಜೊತೆ ನಾಲ್ಕೂವರೆಯಲ್ಲೇ ಸಂಸಾರ ಮಾಡಿತ್ತು.

ವರ್ಣ ಹೇಗೋ ದಾಟಿತು. ಆಮೇಲೆ ಬಿಲಹರಿ ರಾಗದ ಒಂದು ಕೃತಿ. ಪಲ್ಲವಿಯ ಮೊದಲ ಸಾಲು ಹಾಡಿದೆ. ಹಾಡಿ, ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಗೊತ್ತಾ? ಮಕ್ಕಳು ಹೇಳಲಿ ಅಂತ!

ಎಂಟು ವರ್ಷ, ದಿನಕ್ಕೆ ಐದು ಪೀರಿಯಡ್ಡು ಅದೇ ತಾನೆ ಮಾಡಿದ್ದು. ಒಂದು ಸಾಲು ಹೇಳು, ಬಿಡು, ಅವರು ಹೇಳಲಿ, ಮತ್ತೆ ಹೇಳು. ಕೈಯಲ್ಲಿ ತಾಳ ನಡೆಯುತ್ತಲೇ ಇತ್ತು, ಬಾಯಿ ಮಾತ್ರ ಕಾಯುತ್ತಾ ಇತ್ತು. ಪಿಟೀಲಿನವರು ಪುಣ್ಯಾತ್ಮರು, ಆ ಸಾಲನ್ನು ತಾವೇ ನುಡಿಸಿ ಜಾಗ ತುಂಬಿದರು. ಕೇಳುವವರಿಗೆ ಬೇಕೆಂದೇ ಬಿಟ್ಟ ಹಾಗೆ ಕಂಡಿರಬೇಕು. ಎರಡನೇ ಸಾಲಿಗೂ ನಾನು ಹಾಗೇ ನಿಲ್ಲಿಸಿದೆ. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಶಾಲೆಯ ಆರನೇ ಕ್ಲಾಸಿನ ಹುಡುಗಿಯೊಬ್ಬಳು, ಕೈಯಲ್ಲಿ ಪಾನಕದ ಲೋಟ ಹಿಡಿದುಕೊಂಡೇ, ಕ್ಲಾಸಿನಲ್ಲಿ ಹೇಳುವ ಹಾಗೆ ಆ ಸಾಲನ್ನು ಜೋರಾಗಿ ಹಾಡಿಬಿಟ್ಟಳು.

ಪೆಂಡಾಲೆಲ್ಲ ನಕ್ಕಿತು. ಪ್ರೀತಿಯಿಂದಲೇ ನಕ್ಕಿದ್ದರು, ಈಗ ಗೊತ್ತಾಗುತ್ತೆ. ಆಗ ನನ್ನ ಕಿವಿ ಸುಟ್ಟುಹೋಯಿತು. ಚರಣದಲ್ಲಿ ತಾರ ಸ್ಥಾಯಿಗೆ ಹೋದಾಗ ಧ್ವನಿ ಒಡೆಯಿತು. ಮುಕ್ಕಾಲು ಗಂಟೆಯ ಕಚೇರಿಯನ್ನು ಅರ್ಧ ಗಂಟೆಗೆ ಮಂಗಳ ಹಾಡಿ ಮುಗಿಸಿದೆ. ಕೊಟ್ಟ ತೆಂಗಿನಕಾಯಿ, ಹೂವು, ಶಾಲು ಹಿಡಿದುಕೊಂಡು ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ. ಮುಂದಿನ ವರ್ಷ ಮತ್ತೆ ಕರೆದರು. ಗಂಟಲು ಕೆಟ್ಟಿದೆ ಅಂದೆ. ಅದರ ಮುಂದಿನ ವರ್ಷ ಕರೆಯಲಿಲ್ಲ.

ಇಷ್ಟೇ ಆಗಿದ್ದರೆ ನಿನಗೆ ಹೇಳುತ್ತಿರಲಿಲ್ಲ ಪುಟ್ಟಿ. ಆ ಹುಡುಗಿ ಇದ್ದಳಲ್ಲ. ಮರುದಿನ ಕ್ಲಾಸಿಗೆ ಹೋದೆ. ನಾನು ಬೈಯಲಿಲ್ಲ. ಅವಳ ಕಡೆ ನೋಡಲೇ ಇಲ್ಲ, ಅಷ್ಟೇ. ಒಂದು ವಾರ, ಹತ್ತು ದಿನ. ಅವಳು ಕೈ ಎತ್ತಿದರೂ ಬೇರೆಯವರನ್ನು ಕರೆದೆ. ಆ ಮಗುವಿಗೆ ಏನಂತ ಅರ್ಥವಾಗಿರಬೇಕು ಹೇಳು? ಟೀಚರ್ ಸಾಲು ಬಿಟ್ಟರು, ತಾನು ಹೇಳಿದೆ, ಅದೇ ತಪ್ಪಾಯಿತು. ಆಮೇಲೆ ಅವಳು ಸಂಗೀತದ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಳು. ಬರೀ ತುಟಿ ಆಡಿಸುತ್ತಿದ್ದಳು. ಏಳನೇ ಕ್ಲಾಸಿಗೆ ಬೇರೆ ಊರಿಗೆ ಹೋದಳು. ನನ್ನ ಕಚೇರಿ ಹೋಯಿತು ಅಂತ ನಾನು ಎಷ್ಟು ವರ್ಷ ಕೊರಗಿದ್ದೇನೆ. ಅವಳ ಹಾಡು ಹೋದದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗೊತ್ತಾಗುವ ಹೊತ್ತಿಗೆ ನನಗೆ ಅರವತ್ತು.

ನಿನ್ನ ಕಾಗದದ ನಾಲ್ಕನೇ ಹಾಳೆಯಲ್ಲಿ ಅಪಸ್ವರದ ಆಂಟಿಯೊಬ್ಬರ ಬಗ್ಗೆ ಬರೆದಿದ್ದೀಯ. ಅವರ ಧ್ವನಿ ಕೇಳಿದರೆ ಮೈ ಉರಿಯುತ್ತೆ, ಕಾರ್ಯಕ್ರಮದ ದಿನ ಅವರಿಗೆ ಜ್ವರ ಬರಲಿ ಅನ್ನಿಸುತ್ತೆ ಅಂತ. ತಮಾಷೆಗೆ ಬರೆದದ್ದು, ಗೊತ್ತು. ಆದರೆ ಮೂರನೇ ಹಾಳೆಯ ಆ ಸಾಲನ್ನೂ ನಾಲ್ಕನೇ ಹಾಳೆಯ ಈ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನನಗೆ ಹೆದರಿಕೆ ಆಗುತ್ತೆ. ನೀನು ಕಚೇರಿ ಮಾಡುತ್ತಿಲ್ಲ ಅಂತ ನನಗೆ ಚಿಂತೆ ಇಲ್ಲ. ನಿನಗೆ ನಿನ್ನದು ಅಂತ ಹಾಡು ಇಲ್ಲದೆ ಹೋದಾಗ ಆ ಹಸಿವು ಎಲ್ಲಿಗೆ ಹೋಗುತ್ತೆ? ಎದುರಿಗೆ ಕೂತವರ ಮೇಲೆ ಹೋಗುತ್ತೆ. ನನ್ನದು ಒಂದು ಮಗುವಿನ ಮೇಲೆ ಹೋಯಿತು. ಆ ಆಂಟಿಯನ್ನು ಗಟ್ಟಿ ಸ್ವರದ ಇಬ್ಬರ ನಡುವೆ ಕೂರಿಸು, ಅರ್ಧ ಸರಿಹೋಗುತ್ತಾರೆ. ಕಿವಿ ಹಿಡಿಯುವುದಕ್ಕೆ ಪಕ್ಕದವರ ಧ್ವನಿ ಬೇಕು, ನಿನ್ನ ಕಣ್ಣು ಬೇಡ. ಇನ್ನರ್ಧಕ್ಕೆ ಏನೂ ಮಾಡಬೇಡ.

ಹಾಗಂತ ವೃಂದವೇ ನಿನ್ನನ್ನು ತಿಂದುಹಾಕಿತು ಅಂತ ನಾನು ಹೇಳಿದರೆ ಅದು ಸುಳ್ಳು. ನನಗೆ ಸಿಕ್ಕ ಸುಖದಲ್ಲಿ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿದ್ದು. ನಮ್ಮ ಸಂಗೀತದ ಮೇಷ್ಟ್ರು ವರಾಳಿ ರಾಗವನ್ನು ಪಾಠ ಮಾಡುತ್ತಿರಲಿಲ್ಲ. ಎದುರು ಕೂರಿಸಿ ಹೇಳಿಕೊಟ್ಟರೆ ಗುರು ಶಿಷ್ಯರಿಗೆ ವಿರಸ ಬರುತ್ತೆ ಅಂತ ನಂಬಿಕೆ, ನೀನೂ ಕೇಳಿರುತ್ತೀಯ. ತ್ಯಾಗರಾಜರ ಐದು ಪಂಚರತ್ನ ಕೃತಿಗಳಲ್ಲಿ ನಾಟ, ಗೌಳ, ಆರಭಿ, ಶ್ರೀ ನಾಲ್ಕನ್ನೂ ಹೇಳಿಕೊಟ್ಟು ವರಾಳಿಯದ್ದನ್ನು ಮಾತ್ರ ಬಿಟ್ಟರು. "ಗೋಷ್ಠಿಯಲ್ಲಿ ಕೂತು ಹಿಡ್ಕೋ" ಅಂದರು. ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆಗೆ ಹೋಗಿ, ಎಲ್ಲರೂ ಕೂಡಿ ಹಾಡುವ ಗೋಷ್ಠಿಯ ಹಿಂದಿನ ಸಾಲಿನಲ್ಲಿ ಕೂತು, ಮುಂದಿನವರ ಜಡೆ ನೋಡುತ್ತಾ, ಬರೀ ಕಿವಿಯಿಂದ ಹಿಡಿದೆ. ವರ್ಷಕ್ಕೆ ಒಂದೇ ದಿನ. ನಾಲ್ಕು ವರ್ಷ ಬೇಕಾಯಿತು. ಐದನೇ ವರ್ಷ ಅದು ನನ್ನ ಬಾಯಲ್ಲಿ ತಾನಾಗೇ ನಡೆಯಿತು. ಯಾರು ಕಲಿಸಿದರು ಅಂದರೆ ಯಾರ ಹೆಸರೂ ಹೇಳುವುದಕ್ಕೆ ಆಗಲ್ಲ.

ಒಂದು ಕಾಲದಲ್ಲಿ ತಿರುವಯ್ಯಾರಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗೇ ಇರಲಿಲ್ಲ, ಗೊತ್ತಾ? ಇಲ್ಲೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಒಡವೆ ಮಾರಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು, ಹಟ ಹಿಡಿದು ಹೆಂಗಸರನ್ನು ಹಾಡಿಸಿದರು. ಗೋಷ್ಠಿಯಲ್ಲಿ ಕೂತಾಗೆಲ್ಲ ನನಗೆ ಆ ತಾಯಿಯ ನೆನಪು.

ಗೋಷ್ಠಿಯಲ್ಲಿ ನಮ್ಮ ಧ್ವನಿ ನಮಗೆ ಕೇಳಿಸಲ್ಲ. ಬಾಯಿ ತೆರೆದಿರುತ್ತೆ, ಎದೆ ಅದುರುತ್ತೆ, ಕೇಳಿಸುವುದು ಮಾತ್ರ ಎಲ್ಲರದ್ದೂ. ಅದೇ ಅದರ ಸುಖ. ಆದರೆ ನನಗೆ ಅದು ವರ್ಷಕ್ಕೊಂದು ದಿನದ್ದಾಗಿತ್ತು. ನೀನು ವಾರಕ್ಕೆ ಆರು ದಿನ ಬೇರೆಯವರ ಧ್ವನಿಯಲ್ಲೇ ಮುಳುಗಿದ್ದೀಯ. ಏಳನೇ ದಿನ ಒಬ್ಬಳೇ ಕೂತರೆ, ಎಷ್ಟಕ್ಕೆ ಹಾಕಲಿ ಅಂತ ಕೈ ನಿಂತುಹೋಗುತ್ತೆ. ಮತ್ತೆ ಅಲ್ಲಿಗೇ ಬಂದೆ ನೋಡು. ಏನು ಬರೆಯಲು ಹೋದರೂ ಆ ಸಾಲಿಗೇ ಬರುತ್ತಿದ್ದೇನೆ.

ಇನ್ನೊಂದು ಭಯವೂ ಇದೆ, ಹೇಳಿಬಿಡುತ್ತೇನೆ. ನೀನು ನಿಜವಾಗಿ ಮರೆತೆಯಾ, ಇಲ್ಲಾ ಐದೂವರೆಗೆ ಹಾಡಿ ನೋಡಿ, ಅದು ಬರದೆ, ಮರೆತೆ ಅಂತ ಬರೆದೆಯಾ? ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನ್ನ ಧ್ವನಿ ಸಾಯಂಕಾಲದ ಹೊತ್ತು ಗೊಗ್ಗರಾಗಿ ಕೇಳಿಸುತ್ತೆ. ಯುಗಾದಿಯಿಂದ ಹಾಗಿದೆ. ಕೂಗಿ ಕೂಗಿ ಪಾಠ ಮಾಡುವ ಟೀಚರುಗಳಿಗೆ, ಹಾಡುವವರಿಗೆ ಗಂಟಲೊಳಗಿನ ಸ್ವರತಂತುಗಳ ಅಂಚಿನಲ್ಲಿ ಸಣ್ಣ ಗಂಟು ಬರುತ್ತವೆ. ಬೆಳಗ್ಗೆ ಚೆನ್ನಾಗೇ ಇರುತ್ತೆ, ಸಂಜೆಗೆ ಒಡೆಯುತ್ತೆ. ಮೊದಲು ಹೋಗುವುದು ಮೇಲಿನ ಸ್ವರಗಳು, ಅದೂ ಮೆಲ್ಲಗೆ ಹಾಡುವಾಗ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಬಂದಿತ್ತು. ಅವರು ಮಾತು ಕಡಿಮೆ ಮಾಡಿ, ಪಿಸುಗುಡುವುದನ್ನೂ ಬಿಟ್ಟು, ಹೇಳಿಕೊಟ್ಟ ಅಭ್ಯಾಸ ಮಾಡಿ ಸರಿಹೋದರು. ಹೌದು, ಪಿಸುಮಾತೂ ಗಂಟಲಿಗೆ ಒಳ್ಳೆಯದಲ್ಲ. ನಾನು ಎಷ್ಟೋ ವರ್ಷ ಅದನ್ನೇ ವಿಶ್ರಾಂತಿ ಅಂದುಕೊಂಡಿದ್ದೆ.

ಎರಡು ಮೂರು ವಾರಕ್ಕಿಂತ ಜಾಸ್ತಿ ಧ್ವನಿ ಒಡೆದಿದ್ದರೆ ತೋರಿಸಿಕೊಳ್ಳಬೇಕು. ಇಲ್ಲೇ ಮಾನಸಗಂಗೋತ್ರಿಯಲ್ಲಿ ಅರವತ್ತರ ದಶಕದಿಂದ ವಾಕ್ ಶ್ರವಣ ಸಂಸ್ಥೆ ಇದೆ. ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದರೆ ಸಾಕು. ಮಗುವಿಗೆ ರಜೆ ಇಲ್ಲದಿದ್ದರೂ ನೀನೊಬ್ಬಳೇ ಒಂದು ದಿನದ ಮಟ್ಟಿಗೆ ಬಂದು ಹೋಗು. ನಾನು ಜೊತೆಗೆ ಬರುತ್ತೇನೆ. ಅಲ್ಲಿ ಕಾಯುವ ಹೊತ್ತಿಗೆ ಪುಳಿಯೋಗರೆ ಕಟ್ಟಿಕೊಂಡು ಬರುತ್ತೇನೆ. ಏನೂ ಇಲ್ಲ ಅಂದರೆ ಒಳ್ಳೆಯದೇ ಆಯಿತು, ಪುಳಿಯೋಗರೆ ಅಂತೂ ದಂಡವಾಗಲ್ಲ.

ಶ್ರುತಿ ಇಳಿದಿದ್ದರೂ ಹೆದರಬೇಡ. ಐವತ್ತರ ಆಸುಪಾಸಿನಲ್ಲಿ ಹೆಂಗಸರ ಧ್ವನಿ ತಾನಾಗೇ ಇಳಿಯುತ್ತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಐದೂವರೆಯನ್ನೇ ಹಿಡಿದು ಎರಡು ವರ್ಷ ಒದ್ದಾಡಿದೆ, ಏನೋ ಪಾಪ ಮಾಡಿದ್ದೇನೆ ಅನ್ನುವ ಹಾಗೆ. ನಿನಗಿನ್ನೂ ನಲವತ್ತಾಗಿಲ್ಲ, ಆ ಕಾಲ ಬಂದಿಲ್ಲ. ಬಂದಾಗ ಒದ್ದಾಡಬೇಡ ಅಂತ ಈಗಲೇ ಹೇಳಿಟ್ಟೆ. ಆಗ ನಾನು ಇರುತ್ತೇನೋ ಇಲ್ಲವೋ.

ಉಪಾಯ ಏನು ಅಂತ ಕೇಳಿದರೆ ನನ್ನ ಹತ್ತಿರ ಜಾಸ್ತಿ ಇಲ್ಲ. ನಾನೇ ಮಾಡದೆ ಇದ್ದದ್ದನ್ನು ನಿನಗೆ ಮಾಡು ಅನ್ನುವುದಕ್ಕೆ ಸಂಕೋಚ. ಎಂಬತ್ತರ ದಶಕದಲ್ಲಿ ಶಾಲೆ ಟೀಚರುಗಳಿಗೆ ಸಮೂಹ ಗಾಯನದ ಶಿಬಿರ ನಡೆಯುತ್ತಿತ್ತು. ಬೇರೆ ಬೇರೆ ಭಾಷೆಯ ಹಾಡು ಕಲಿಸೋರು. ಮದ್ರಾಸಿನಲ್ಲಿ ಯೂತ್ ಕಾಯರ್ ಕಟ್ಟಿದ ಎಂ.ಬಿ. ಶ್ರೀನಿವಾಸನ್ ಅವರ ಮಾತು ಅಲ್ಲಿ ಬರುತ್ತಿತ್ತು. ಅಂಥ ವೃಂದದಲ್ಲಿ ಹಾಡಿಸುವವರು ಹಾಡುವುದಿಲ್ಲ, ಕೈಯಲ್ಲೇ ನಡೆಸುತ್ತಾರೆ ಅಂತ ನಾನು ಮೊದಲ ಸಲ ಕಂಡದ್ದು ಆ ಶಿಬಿರದಲ್ಲಿ. ನಮ್ಮ ಗೋಷ್ಠಿಯಲ್ಲಿ ಮುಂದೆ ಕೂತವರೇ ಎಲ್ಲರಿಗಿಂತ ಜೋರಾಗಿ ಹಾಡಬೇಕಲ್ಲ. ನನಗೆ ಅದು ವಿಚಿತ್ರವಾಗಿ ಕಂಡಿತು. ಊರಿಗೆ ಬಂದು ಎರಡು ವಾರ ಮಾಡಿ ನೋಡಿದೆ. ನಾನು ಸುಮ್ಮನಾದ ಕೂಡಲೇ ಮಂಡಳಿಯವರೆಲ್ಲ ನಿಂತೇಬಿಡುತ್ತಿದ್ದರು. ಮತ್ತೆ ನಾನೇ ಕೂಗಲು ಶುರು ಮಾಡಿದೆ. ತಾಳ್ಮೆ ಇರಲಿಲ್ಲ. ನೀನು ಎರಡು ವಾರದ ಬದಲು ಎರಡು ತಿಂಗಳು ಮಾಡಿ ನೋಡು. ಸಾಲನ್ನು ಒಂದೇ ಸಲ ಹೇಳಿಕೊಡು, ಆಮೇಲೆ ಬಾಯಿ ಮುಚ್ಚಿಕೊಂಡು ಕೈ ಆಡಿಸು. ಅವರು ನಿಲ್ಲುತ್ತಾರೆ. ನಿಲ್ಲಲಿ.

ನಾಡಗೀತೆಯನ್ನು ನವೆಂಬರಿಗೆ ಮತ್ತೆ ಮೊದಲಿಂದ ಕಲಿಸುತ್ತಾ ಕೂರಬೇಡ. 2004ರಲ್ಲಿ ಅದು ನಾಡಗೀತೆ ಆದ ಮೇಲೆ ಎಷ್ಟು ವರ್ಷ ಯಾವ ಧಾಟಿ ಅಂತಲೇ ಜಗಳ. ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತುಮಾಡಿತು. ನಿಮ್ಮವರಲ್ಲಿ ಹಳಬರು ಹಳೆಯ ಅಭ್ಯಾಸಕ್ಕೆ ಎಳೆದರೆ ಎಳೆಯಲಿ, ಹೊಸಬರು ಕೈಗಡಿಯಾರ ನೋಡಿಕೊಂಡರೆ ನೋಡಿಕೊಳ್ಳಲಿ. ಅದಕ್ಕಾಗಿ ಗಂಟಲು ಹರಿದುಕೊಳ್ಳಬೇಡ.

ಮನೆಯಲ್ಲಿ ಒಂದು ಶ್ರುತಿ ಪೆಟ್ಟಿಗೆಯನ್ನು ನಿನಗೆ ಅಂತ ಬೇರೆ ಇಟ್ಟುಕೋ. ಫೋನ್ ಬೇಡ, ಅದು ಎಲ್ಲರದ್ದೂ. ಒಂದು ಸಲ ನಿನ್ನ ಶ್ರುತಿಗೆ ಇಟ್ಟು ಗುಂಡಿಯ ಮೇಲೆ ಟೇಪು ಅಂಟಿಸಿಬಿಡು. ಮಗು ಮುಟ್ಟದ ಹಾಗೆ, ಶಿಷ್ಯರು ಮುಟ್ಟದ ಹಾಗೆ, ನೀನೂ ಮುಟ್ಟದ ಹಾಗೆ. ಸಾಧ್ಯವಾದರೆ ಬೆಳಗ್ಗೆ ಅಮೆರಿಕದವರಿಗಿಂತ ಮುಂಚೆ ಹತ್ತು ನಿಮಿಷ ಮಂದ್ರದಲ್ಲಿ ಅಕಾರ. ಐದಕ್ಕೇ ಏಳು ಅನ್ನುವುದಕ್ಕೆ ನನಗೆ ಮನಸ್ಸಿಲ್ಲ, ನಿನ್ನ ನಿದ್ದೆಯೇ ಕಡಿಮೆ. ಹಾಗಾದರೆ ಒಂದು ಬ್ಯಾಚ್ ಬಿಡು. ದುಡ್ಡಿಗೆ ಕಷ್ಟ ಅನ್ನುತ್ತೀಯ. ಫೀಸು ಜಾಸ್ತಿ ಮಾಡು. ನಾನು 30 ರೂಪಾಯಿ ಫೀಸನ್ನು ಹನ್ನೊಂದು ವರ್ಷ 30 ರೂಪಾಯಿಯಲ್ಲೇ ಇಟ್ಟಿದ್ದೆ, ಕೇಳಲು ನಾಚಿಕೆ ಅಂತ. ಯಾರೂ ಅದಕ್ಕೆ ನನಗೆ ಪದಕ ಕೊಡಲಿಲ್ಲ.

ಮತ್ತೆ ಕೂತಾಗ ಏನು ಹಾಡಬೇಕು ಅಂತ ತೋಚದಿದ್ದರೆ ದೊಡ್ಡ ಕೃತಿಗೆ ಹೋಗಬೇಡ. ಕಲಿಸದೆ ಇರುವುದನ್ನು ಹಾಡು. ಶಿಷ್ಯರಿಗೆ ಯಾವತ್ತೂ ಕಲಿಸಲ್ಲ ಅಂತ ಒಂದು ಹಾಡನ್ನು ಬೇರೆ ಇಟ್ಟುಕೋ. ಸ್ವಾರ್ಥ ಅನ್ನಿಸುತ್ತೆ, ಗೊತ್ತು. ನಮ್ಮ ಮೇಷ್ಟ್ರು ವರಾಳಿ ಯಾಕೆ ಹೇಳಿಕೊಡಲಿಲ್ಲ ಅಂತ ಈಗ ಯೋಚಿಸಿದರೆ, ವಿರಸದ ಭಯವೋ, ತಮಗೆ ಅಂತ ಒಂದು ಇರಲಿ ಅಂತಲೋ, ಯಾರು ಬಲ್ಲರು. ಕೇಳೋಣ ಅಂದರೆ ಅವರಿಲ್ಲ.

ಗುರುವಾರ ನಾನು ತಂಬೂರಿಯ ಗವಸು ತೆಗೆದೆ. ಹದಿನಾಲ್ಕು ವರ್ಷ ಆಗಿತ್ತೋ ಏನೋ. ಪಂಚಮದ ತಂತಿ ತುಕ್ಕು ಹಿಡಿದು ಮುರಿದುಹೋಗಿತ್ತು. ಸಾರಣಿ, ಅನುಸಾರಣಿ ತಂತಿಗಳು ಎರಡೂ ಸಡಿಲ. ಕುದುರೆಯ ಮೇಲಿನ ದಾರವನ್ನು ಇಲಿ ತಿಂದಿತ್ತು. ಮೇಲಿನ ಮನೆ ಹುಡುಗ ಬೈಕಿನಲ್ಲಿ ಹೋಗಿ ತಂತಿ ತಂದುಕೊಟ್ಟ. ದಾರಕ್ಕೆ ನಿಮ್ಮ ದೊಡ್ಡಪ್ಪನ ಹಳೆಯ ಪಂಚೆಯ ಅಂಚಿನಿಂದ ಒಂದು ಎಳೆ ತೆಗೆದೆ. ಬಿರಡೆ ತಿರುಗಿಸಲು ಬೆರಳಲ್ಲಿ ಬಲವಿಲ್ಲ, ಒಂದು ಗಂಟೆ ಹಿಡಿಯಿತು. ಮೀಟಿ, ಷಡ್ಜ ಹಾಡಿ, ಇಳಿಸಿ, ಮತ್ತೆ ಹಾಡಿ, ಮತ್ತೆ ಇಳಿಸಿ ನೋಡಿದೆ. ಮೂರಕ್ಕೆ ಬಂದು ನಿಂತಿತು. ಮೂರು! ಗಂಡಸರ ಶ್ರುತಿಗೆ ಇನ್ನೊಂದೆರಡು ಮೆಟ್ಟಿಲು ಅಷ್ಟೇ ಬಾಕಿ. ಮೊದಲು ಅಳು ಬಂತು, ಆಮೇಲೆ ಆ ಇಂಜಿನಿಯರ್ ನೆನಪಾಗಿ ನಗು ಬಂತು. ಬಿಲಹರಿ ಹಾಡಿದೆ, ಆ ಕೃತಿಯನ್ನೇ. ಪಲ್ಲವಿಯ ಮೊದಲ ಸಾಲಾದ ಮೇಲೆ ನಿಲ್ಲಿಸಿದೆ. ಈ ಸಲ ಬೇಕೆಂದೇ.

ಈ ಕಾಗದಕ್ಕೆ ಉದ್ದದ ಉತ್ತರ ಬರೆಯಬೇಡ, ನಿನಗೆ ಪುರುಸೊತ್ತಿಲ್ಲ. ಒಬ್ಬಳೇ ಕೂತು, ಬಾಗಿಲು ಹಾಕಿಕೊಂಡು, ಕೆಳಗಿನ ಪಂಚಮ, ಮೇಲಿನ ಪಂಚಮ ನೋಡಿಕೊಂಡು, ಒಂದು ಕಾರ್ಡಿನಲ್ಲಿ ಬರೀ ಒಂದು ಅಂಕಿ ಬರೆದು ಕಳಿಸು. ಐದೂವರೆ ಇದ್ದರೂ ಸರಿ, ನಾಲ್ಕು ಇದ್ದರೂ ಸರಿ.

ಸೀರೆಗೆ ಜಗಳ ಬೇಡ. ಎಲ್ಲರ ಮನೆಯಲ್ಲೂ ಒಂದು ಹಳದಿ ಸೀರೆ ಇದ್ದೇ ಇರುತ್ತೆ, ಅದನ್ನೇ ಉಡಲಿ. ಕುಂಕುಮದ ಬಣ್ಣದ ರವಿಕೆ ಹಾಕಿಕೊಂಡರೆ ಬಾವುಟದ ಲೆಕ್ಕ ಸರಿಹೋಗುತ್ತೆ. ಗಂಡಸರು ಏನು ಹಾಕಿಕೊಂಡರೂ ಯಾರೂ ನೋಡಲ್ಲ.

ಇಂತಿ,
ನಿನ್ನ ದೊಡ್ಡಮ್ಮ